ಐದು ಓಡಿದರೆ ನಾಲ್ಕು ಬರೆಯುವ ಗಾಡಿ

ನಮ್ಮಪ್ಪನ ಲೆಕ್ಕದಲ್ಲಿ ಶಿಡ್ಲಘಟ್ಟದಿಂದ ಚಿಂತಾಮಣಿ ಬಹಳ ಹತ್ತಿರ. ಗೌರಿಬಿದನೂರು ಕೂಡ ಜನ ಹೇಳುವಷ್ಟು ದೂರವೇನಲ್ಲ. ಬಸ್ಸಿನ ಕಂಡಕ್ಟರು, ರಸ್ತೆ ಬದಿಯ ಕಿಲೋಮೀಟರ್ ಕಲ್ಲು, ಶಾಲೆಯ ಗೋಡೆಗೆ ನೇತುಹಾಕಿದ ನಕ್ಷೆ ಎಲ್ಲ ಒಂದು ಕಡೆ, ಅಪ್ಪನ ಗಾಡಿಯ ಮೀಟರು ಇನ್ನೊಂದು ಕಡೆ. ಅಪ್ಪ ಮೀಟರಿನ ಕಡೆ. ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆಯಾಗಿತ್ತು. ಒಂದಲ್ಲ ಒಂದು ಕಚೇರಿ ಕೆಲಸಕ್ಕೆ ಊರಿನವರೆಲ್ಲ ಅಲ್ಲಿಗೆ ಓಡಾಡುವುದು ಶುರುವಾಗಿತ್ತು. ಜಿಲ್ಲಾ ಕೇಂದ್ರ ಹತ್ತಿರ ಬಂತು ಎಂದು ಎಲ್ಲರೂ ಖುಷಿಪಟ್ಟರು. ಎಲ್ಲರಿಗಿಂತ ಹತ್ತಿರ ಬಂದದ್ದು ನಮ್ಮಪ್ಪನಿಗೆ.

ಅಪ್ಪನದು ಬಾಡಿಗೆ ಗಾಡಿ. ಹಿಂದೆ ಎದುರುಬದುರು ಸೀಟಿದ್ದ, ಒಂಬತ್ತು ಜನ ಕೂರಬೇಕಾದಲ್ಲಿ ಹದಿನಾಲ್ಕು ಜನ ಕೂರುತ್ತಿದ್ದ ಹಳೇ ಗಾಡಿ. ಮದುವೆ, ನಾಮಕರಣ, ಆಸ್ಪತ್ರೆ, ಕೋರ್ಟು, ಯಾವುದಕ್ಕೆ ಕರೆದರೂ ಕಿಲೋಮೀಟರಿಗೆ ಇಷ್ಟು ಅಂತ ಬಾಡಿಗೆ. ಹೊರಡುವಾಗ ಮೀಟರಿನ ಅಂಕಿ ನೋಡಿಕೊಳ್ಳುವುದು, ಬಂದ ಮೇಲೆ ಮತ್ತೆ ನೋಡಿ ಕಳೆಯುವುದು. ಬೇರೆ ಡ್ರೈವರುಗಳು ಈ ಕಳೆಯುವ ಲೆಕ್ಕವನ್ನು ತಾವೇ ಮಾಡಿ, ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಸೇರಿಸಿ ಹೇಳುತ್ತಿದ್ದರು. ಅಪ್ಪ ಮೀಟರಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಸ್ಟಿಯರಿಂಗ್ ಮೇಲಿಂದ ಕೈ ತೆಗೆದು, ಮುಖವನ್ನು ಕಿಟಕಿಯ ಆಚೆ ತಿರುಗಿಸಿ, "ನೀವೇ ನೋಡಿ, ನೀವೇ ಕಳೀರಿ, ನೀವೇ ಹೇಳಿ. ನಾನು ಬಾಯಿ ಹಾಕಲ್ಲ" ಎನ್ನುತ್ತಿದ್ದ. ಹಾಗೆ ಹೇಳುವಾಗ ಅವನ ಮುಖದಲ್ಲಿದ್ದ ಗತ್ತು ನೋಡಬೇಕಿತ್ತು. ದೇವರು ಕೂಡ ಒಂದಿಷ್ಟು ದೂರ ನಿಂತು ಮಾತಾಡಿಸಬೇಕು, ಹಾಗೆ.

ಅದು ಸುಮ್ಮನೆ ಬಂದ ಗತ್ತಲ್ಲ. ಅದಕ್ಕೆ ಮೊದಲು ಅಪ್ಪ ಕೈ ಹಾಕಿದ್ದೆಲ್ಲ ಮಣ್ಣಾಗಿತ್ತು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಚರಕ ಹಾಕಿದ. ನೂಲಿಗೆ ಬೆಲೆ ಬಿತ್ತು, ಅಪ್ಪನ ಬೆರಳಿನ ಸಿಪ್ಪೆ ಎದ್ದದ್ದಷ್ಟೇ ಉಳಿಯಿತು. ಸೈಕಲ್ ಶಾಪ್ ಇಟ್ಟ. ಊರಿನವರೆಲ್ಲ ಮೋಟರ್ ಬೈಕ್ ತಗೊಂಡರು. "ನಿಮ್ಮಪ್ಪ ಕೊಡೆ ಅಂಗಡಿ ಇಟ್ರೆ ಮೂರು ವರ್ಷ ಮಳೆ ಬರಲ್ಲ ಕಣೇ" ಎಂದು ನಮ್ಮ ಸೋದರಮಾವ ಹಬ್ಬದ ಊಟಕ್ಕೆ ಕೂತವರ ಮುಂದೆ ಹೇಳಿ ನಗಿಸುತ್ತಿದ್ದ. ಅಪ್ಪನೂ ನಗುತ್ತಿದ್ದ. ಆಮೇಲೆ ಆ ರಾತ್ರಿ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಕೊನೆಗೆ ಚಿಂತಾಮಣಿಯ ದಲ್ಲಾಳಿಯೊಬ್ಬನ ಕಡೆಯಿಂದ ಈ ಗಾಡಿ ಬಂತು. ಬಂದಾಗ ಮೀಟರು ಕೆಟ್ಟಿತ್ತು. ದಲ್ಲಾಳಿ "ಅದೊಂದು ದೊಡ್ಡ ಕೆಲಸಾನಾ" ಎಂದು ಎಲ್ಲೋ ಕರೆದುಕೊಂಡು ಹೋಗಿ ಏನೋ ಹಾಕಿಸಿ ಕೊಟ್ಟ. ಅಂದಿನಿಂದ ಮುಳ್ಳು ಆಡತೊಡಗಿತು, ಅಂಕಿ ಓಡತೊಡಗಿತು, ಅಪ್ಪನ ಅದೃಷ್ಟ ತೆರೆಯಿತು. ಬಸ್ ಸ್ಟ್ಯಾಂಡಿನ ಪಕ್ಕದ ಬೇವಿನ ಮರದ ಕೆಳಗೆ ಐದಾರು ಗಾಡಿ ಖಾಲಿ ನಿಂತಿದ್ದರೂ ಜನ "ಅಣ್ಣ ಬರ್ಲಿ, ಕಾಯ್ತೀವಿ" ಅನ್ನುತ್ತಿದ್ದರು. ಮದುವೆ ಮುಹೂರ್ತ ಇಡುವ ಮೊದಲೇ ಅಪ್ಪನ ಗಾಡಿ ಬಿಡುವಿದೆಯಾ ಎಂದು ಫೋನ್ ಮಾಡುವವರಿದ್ದರು. ಒಬ್ಬ ನೂಲು ವ್ಯಾಪಾರಿಯಂತೂ ವಾರಕ್ಕೆರಡು ಸಲ ಅಪ್ಪನ ಗಾಡಿಯೇ ಬೇಕು ಎಂದು ಹಟ ಹಿಡಿಯುತ್ತಿದ್ದ. ತೆಲುಗು ಮನೆಮಾತಿನವನು. ಇಳಿಯುವಾಗ ಪ್ರತಿ ಸಲ ಡ್ಯಾಶ್ ಬೋರ್ಡ್ ಮೇಲೆ ತಟ್ಟಿ, "ಬಂಗಾರಂ ಅನ್ನಾ ನೀ ಮೀಟರು, ಬಂಗಾರಂ" ಎನ್ನುತ್ತಿದ್ದ. ಅಪ್ಪ ಅದನ್ನು ಮನೆಗೆ ಬಂದು ಅಮ್ಮನಿಗೆ ಹೇಳುತ್ತಿದ್ದ, ಬಾಯಲ್ಲಿ ಅನ್ನ ಇಟ್ಟುಕೊಂಡೇ.

"ಜನಕ್ಕೆ ನಿಯತ್ತು ಬೇಕು ಕಣೇ, ನಿಯತ್ತು. ಅದು ಕಂಡ್ರೆ ಹುಡುಕ್ಕೊಂಡು ಬರ್ತಾರೆ."

ಅಮ್ಮನ ಚಿಂತೆ ಬೇರೆ. "ಇಷ್ಟು ಬಾಡಿಗೆ ಓಡ್ತೀರಿ, ಮನೇಗೆ ಯಾಕೆ ಏನೂ ಉಳಿಯಲ್ಲ?" ಎಂದು ಕೇಳುತ್ತಿದ್ದಳು. ಅಪ್ಪ ತಪ್ಪನ್ನು ಡೀಸೆಲ್ ಮೇಲೆ ಹಾಕುತ್ತಿದ್ದ. ಗಾಡಿ ಡೀಸೆಲ್ ಕುಡಿಯುತ್ತದೆ, ಎಷ್ಟು ಹಾಕಿಸಿದರೂ ಮೀಟರಿನಲ್ಲಿ ಓಡಿದ್ದು ಕಾಣುವುದಿಲ್ಲ. ಅದಕ್ಕಾಗಿ ಫಿಲ್ಟರ್ ಬದಲಿಸಿದ, ಪಂಪು ಬಿಚ್ಚಿಸಿದ, ಬಂಕಿನವನ ಜೊತೆ ಜಗಳ ಆಡಿ ಬಂಕು ಬದಲಿಸಿದ, ಟ್ಯಾಂಕಿಗೆ ನಿಂಬೆಹಣ್ಣು ಕಟ್ಟಿದ. ಮೀಟರನ್ನು ಅನುಮಾನಿಸುವುದು ಮಾತ್ರ ಅವನ ಜಾತಕದಲ್ಲೇ ಬರೆದಿರಲಿಲ್ಲ. ಆಯುಧಪೂಜೆಯ ದಿನ ಎಲ್ಲಕ್ಕಿಂತ ದೊಡ್ಡ ಕುಂಕುಮದ ಬೊಟ್ಟು ಮೀಟರಿನ ಗಾಜಿಗೇ ಬೀಳುತ್ತಿತ್ತು.

ನಾನು ಆಗ ಚಿಕ್ಕಬಳ್ಳಾಪುರದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ದಿನಾ ಬಸ್ಸಿನಲ್ಲಿ ಓಡಾಡುವವಳಿಗೆ ಕಲ್ಲುಗಳ ಸಂಖ್ಯೆ ಬಾಯಿಪಾಠ. ಒಂದು ದಿನ ಅಪ್ಪನ ಪಕ್ಕ ಕೂತಾಗ, "ಅಪ್ಪ, ಕಲ್ಲಿಗೂ ನಿನ್ನ ಮೀಟರಿಗೂ ಆಗಿಬರಲ್ವಲ್ಲ" ಎಂದೆ. ಅಪ್ಪ ನನ್ನ ಕಡೆ ಕನಿಕರದಿಂದ ನೋಡಿದ. ಎಲ್ಲೆಲ್ಲೂ ರಸ್ತೆ ಅಗಲ ಮಾಡುತ್ತಿದ್ದ ಕಾಲ.

"ಕಲ್ಲು ನೆಟ್ಟೋನು ಯಾರು? ಕಂಟ್ರಾಕ್ಟರು. ಅವನಿಗೆ ದುಡ್ಡು ಹೆಂಗೆ? ಕಿಲೋಮೀಟರ್ ಲೆಕ್ಕ. ಹತ್ತಿರ ಹತ್ತಿರ ನೆಟ್ರೆ ರಸ್ತೆ ಉದ್ದ ಆಗುತ್ತೆ, ಬಿಲ್ಲೂ ಉದ್ದ ಆಗುತ್ತೆ. ಬಿಎಸ್ಸಿ ಓದಿದೀಯ, ಇಷ್ಟು ಗೊತ್ತಾಗಲ್ವಾ?"

ನಿಜ ಹೇಳಬೇಕೆಂದರೆ ನನಗೆ ಅದು ಸರಿಯೆನ್ನಿಸಿತು. ಕಂಟ್ರಾಕ್ಟರ್ ಕದಿಯುತ್ತಾನೆ ಎಂದು ಹೇಳಿದರೆ ನಮ್ಮ ಕಡೆ ಸಾಕ್ಷಿ ಕೇಳುವವರಿಲ್ಲ. ಸ್ಟ್ಯಾಂಡಿನ ಡ್ರೈವರುಗಳೂ ಒಂದೆರಡು ಸಲ "ಅಣ್ಣ, ನಿನ್ ಮೀಟರ್ ಒಂದ್ಸಲ ತೋರಿಸ್ಕೋ" ಎಂದಿದ್ದರಂತೆ. "ಹೊಟ್ಟೆಕಿಚ್ಚಿಗೆ ಮದ್ದಿಲ್ಲ" ಎಂದು ಅಪ್ಪ ಬಾಯಿ ಮುಚ್ಚಿಸಿದ್ದ. ಬಾಯಿ ಮುಚ್ಚಿದವರು ಆಮೇಲೆ ನಗುವುದಕ್ಕೆ ಮಾತ್ರ ತೆರೆದರು.

ಇನ್ನೊಂದು ಹೆಸರೂ ಅಪ್ಪನಿಗಿತ್ತು. ನಿಧಾನಕ್ಕೆ ಓಡಿಸುತ್ತಾನೆ, ಆದರೆ ಬೇಗ ತಲುಪಿಸುತ್ತಾನೆ. ಮುಳ್ಳು ಅರವತ್ತು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. "ನಿಧಾನವೇ ಪ್ರಧಾನ" ಎಂದು ಗಾಡಿಯ ಹಿಂದೆ ಬರೆಸಿದ್ದ. ಹಾಗಿದ್ದೂ ಬೇರೆ ಗಾಡಿಗಳಿಗಿಂತ ಮೊದಲು ಛತ್ರದ ಮುಂದೆ ನಿಂತಿರುತ್ತಿದ್ದ. ಇದಕ್ಕೆ ಅಪ್ಪನ ವಿವರಣೆ ಒಂದೇ, ಕೈಗುಣ. ಕೈಗುಣ ಎನ್ನುವಾಗ ಎರಡೂ ಅಂಗೈ ಮೇಲೆ ಮಾಡಿ ತೋರಿಸುತ್ತಿದ್ದ, ಗೂಡು ಬೇಯಿಸಿ ಸುಟ್ಟ ಕಲೆಗಳಿದ್ದ ಅಂಗೈ. ಅದೊಂದು ಮಾತಿಗೆ ನಾನು ಯಾವತ್ತೂ ತಮಾಷೆ ಮಾಡಲಿಲ್ಲ. ಆ ಮನುಷ್ಯ ಬದುಕಿನಲ್ಲಿ ಗಳಿಸಿದ್ದು ಅದೊಂದನ್ನೇ, ಜನ ತನ್ನನ್ನು ನೋಡಿ ಬರುತ್ತಾರೆ ಅನ್ನುವುದನ್ನು.

ನಗಿಸುತ್ತಿದ್ದ ಸೋದರಮಾವನೂ ಈಗ ಭಾವನ ಅಭಿಮಾನಿ. ಇರುವುದು ಗೌರಿಬಿದನೂರಿನಲ್ಲಿ, ಅಲ್ಲಿ ಬೇಕಾದಷ್ಟು ಗಾಡಿಗಳಿವೆ. ಆದರೂ ಎಲ್ಲಿಗೆ ಹೊರಟರೂ ಶಿಡ್ಲಘಟ್ಟಕ್ಕೆ ಫೋನು. "ಬೇರೆ ಯಾರ್ನೋ ಯಾಕೆ ಕರೀಲಿ ಭಾವ, ದುಡ್ಡು ನಮ್ಮೋರ ಮನೇಗೇ ಹೋಗ್ಲಿ." ಅಪ್ಪ ಖಾಲಿ ಗಾಡಿ ಓಡಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದ. ಆ ದೂರ ನೆಂಟಸ್ತಿಕೆಯ ಖಾತೆಗೆ. ನಮ್ಮ ಮಾವ ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ. ಅಂಥವನಿಗೆ ಹುಟ್ಟಿದ ಈ ಪ್ರೀತಿ ಕಂಡು ಅಮ್ಮ ಕಣ್ಣೊರೆಸಿಕೊಂಡದ್ದೂ ಉಂಟು.

ಆ ಮಾವನ ಮಗಳ ಮದುವೆ ನಿಶ್ಚಯವಾಯಿತು. ಬೆಂಗಳೂರಿಗೆ ಹೋಗಿ ಜವಳಿ ತೆಗೆಯುವ ದಿನ ಅಪ್ಪನದೇ ಗಾಡಿ. ಸೀರೆ ಆರಿಸಲು ನಾನೂ ಅಮ್ಮನೂ ಹೊರಟೆವು. ಗೌರಿಬಿದನೂರಿನಿಂದ ಮಾವನ ಮನೆಯವರನ್ನು ಹತ್ತಿಸಿಕೊಂಡು, ಚಿಕ್ಕಬಳ್ಳಾಪುರಕ್ಕೆ ಬಂದು ಬೀಗರನ್ನು ತುಂಬಿಸಿಕೊಂಡು ಹೆದ್ದಾರಿಗೆ ಬಿದ್ದೆವು. ಹೊಸದಾಗಿ ಅಗಲವಾದ ರಸ್ತೆ, ಒಂದು ಗುಂಡಿ ಇಲ್ಲ. ಮುಳ್ಳು ಅರವತ್ತರ ಮೇಲೆ ಅಂಟಿಸಿದಂತೆ ನಿಂತಿತ್ತು. ಬೀಗರ ಯಜಮಾನರು "ಎಷ್ಟು ನಿಧಾನಸ್ಥರು ನಮ್ಮ ಬೀಗರು" ಎಂದು ಮೆಚ್ಚಿದರು. ಅಪ್ಪನ ಬೆನ್ನು ನೆಟ್ಟಗಾಯಿತು. ಅಷ್ಟರಲ್ಲಿ ಮುಂದೆ ಪೊಲೀಸಿನವರು ಕೈ ಅಡ್ಡ ಹಾಕಿದರು.

ಮರದ ನೆರಳಲ್ಲಿ ಒಂದು ಪೊಲೀಸ್ ಕಾರು, ಅದರಲ್ಲಿ ವೇಗ ಅಳೆಯುವ ಯಂತ್ರ. ಅಧಿಕಾರಿ ಸಮಾಧಾನದ ಮನುಷ್ಯ.

"ಎಪ್ಪತ್ತೈದು ಬಂದಿದೆ ಯಜಮಾನ್ರೇ. ಫೈನ್ ಕಟ್ಟಿ."

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನನ್ನು ಹಿಡಿಯುವವರಿರಲಿಲ್ಲ. "ಎಪ್ಪತ್ತೈದಾ! ಸಾರ್, ಈ ಜನ್ಮದಲ್ಲಿ ನಾನು ಅರವತ್ತು ದಾಟಿದೋನಲ್ಲ. ಬೇಕಾದ್ರೆ ಇವರನ್ನೆಲ್ಲ ಕೇಳಿ. ನಿಮ್ಮ ಮಿಷಿನ್ನು ಕೆಟ್ಟಿದೆ ಸಾರ್, ರಿಪೇರಿ ಮಾಡಿಸಿ. ಬನ್ನಿ, ಗಾಡಿ ಹತ್ತಿ, ನನ್ನ ಮೀಟರ್ ನೋಡಿ, ಆಮೇಲೆ ಮಾತಾಡಿ."

"ನಿಮ್ಮ ಮೀಟರ್ರೇ ಕೆಟ್ಟಿರಬಹುದಲ್ವಾ? ಮೊದಲು ಅದನ್ನ ಚೆಕ್ ಮಾಡಿಸಿ" ಎಂದರು ಅಧಿಕಾರಿ.

ಆಗ ಹಿಂದಿನ ಬಾಗಿಲು ತೆರೆಯಿತು. ಮಾವ ಚಪ್ಪಲಿ ಕೂಡ ಹಾಕಿಕೊಳ್ಳದೆ ಇಳಿದು ಓಡಿಬಂದ. "ಮೀಟರ್ ಸುದ್ದಿ ಯಾಕೆ ಸಾರ್ ಈಗ! ಭಾವ, ನೀವು ಸುಮ್ನಿರಿ. ಫೈನ್ ಎಷ್ಟು ಸಾರ್? ನಾನು ಕಟ್ತೀನಿ, ನಾನೇ ಕಟ್ತೀನಿ" ಎಂದು ಜೇಬಿಗೆ ಕೈ ಹಾಕಿದ.

ನಾನು ಮುಂದಿನ ಸೀಟಿನಲ್ಲಿದ್ದೆ. ಎಪ್ಪತ್ತೈದು ಎಂದಾಗ ನನಗೆ ಏನೂ ಅನ್ನಿಸಿರಲಿಲ್ಲ. ಮಾವ ಜೇಬಿಗೆ ಕೈ ಹಾಕಿದಾಗ ತಿರುಗಿ ಮೀಟರ್ ನೋಡಿದೆ. ತನ್ನ ಸ್ವಂತ ಅಪ್ಪನ ತಿಥಿಗೆ ಬಾಳೆಎಲೆ ಅರ್ಧ ಮಾಡಿಸಿದ ಮನುಷ್ಯ ಬೇರೆಯವರ ದಂಡ ಕಟ್ಟುತ್ತಾನೆ ಎಂದರೆ ಅದರಲ್ಲಿ ಅವನಿಗೆ ದಂಡಕ್ಕಿಂತ ದೊಡ್ಡ ಉಳಿತಾಯ ಇರಲೇಬೇಕು. ಬಿಎಸ್ಸಿ ಕಲಿಸದಿದ್ದ ಲೆಕ್ಕ ಆ ಒಂದು ನಿಮಿಷದಲ್ಲಿ ತಲೆಗೆ ಹೋಯಿತು. ಕಲ್ಲು, ಡೀಸೆಲ್ಲು, ಬೇವಿನ ಮರದ ಕೆಳಗೆ ಕಾಯುವ ಜನ, ಕೈಗುಣ, ಎಲ್ಲ ಒಂದೇ ಗೂಟಕ್ಕೆ ಬಂದು ಕಟ್ಟಿಕೊಂಡವು.

ಜವಳಿ ಅಂಗಡಿಯಲ್ಲಿ ಮಾವನನ್ನು ಒಂದು ಮೂಲೆಗೆ ಕರೆದೆ. "ಎಷ್ಟು ದಿನದಿಂದ ಗೊತ್ತು?"

ಮಾವ ಒಂದು ಸೀರೆಯ ಸೆರಗು ತಿರುವಿಹಾಕಿದ. "ಯಾರಿಗೆ ಗೊತ್ತಿಲ್ಲಮ್ಮ? ನಿಮ್ಮಪ್ಪ ಒಬ್ಬರಿಗೇ ಗೊತ್ತಿಲ್ಲ. ಹೇಳಿದ್ರೆ ಪಾಪ, ಮನಸ್ಸಿಗೆ ಹಚ್ಕೋತಾರೆ ಅಂತ..."

"ಅವರ ಮನಸ್ಸು ನೋಯಬಾರದು ಅಂತ ನೀವೆಲ್ಲ ದುಡ್ಡು ಉಳಿಸ್ಕೊಂಡ್ರಾ ಮಾವ? ಎಷ್ಟು ಕಷ್ಟ ಆಗಿರ್ಬೇಕು ನಿಮಗೆ!"

ಅವನು ಅದಕ್ಕೂ ನಕ್ಕ. ಸಿಟ್ಟಿಗೆ ನನಗೆ ಕಣ್ಣು ಮಂಜಾಯಿತು. ಅವತ್ತು ನಾನು ಬೇಕೆಂದೇ ಅಂಗಡಿಯಲ್ಲಿದ್ದ ಅತಿ ದುಬಾರಿ ಸೀರೆಯನ್ನು ಮದುಮಗಳಿಗೆ ತೋರಿಸಿದೆ. ಅವಳು ಅದನ್ನೇ ಹಿಡಿದು ಕೂತಳು. ಅಷ್ಟಾದರೂ ಪುಣ್ಯ ಬಂತು.

ಅಪ್ಪನಿಗೆ ನಾನು ಹೇಳಬೇಕಾಗಿ ಬರಲಿಲ್ಲ. ಪೊಲೀಸಿನವರ ಮಿಷಿನ್ನು ಸುಳ್ಳು ಎಂದು ಸಾಬೀತು ಮಾಡಿ ಮೇಲಿನವರಿಗೆ ಅರ್ಜಿ ಕೊಡುತ್ತೇನೆ ಎಂದು ಅವನೇ ಮರುದಿನ ಗಾಡಿಯನ್ನು ಚಿಕ್ಕಬಳ್ಳಾಪುರದ ಗ್ಯಾರೇಜಿಗೆ ಬಿಟ್ಟ. ಶಾಲೆ ಮುಗಿಸಿ ನಾನೂ ಅಲ್ಲಿಗೆ ಹೋದೆ. ಮೆಕ್ಯಾನಿಕ್ ಗಾಡಿಯ ಅಡಿಯಿಂದ ಹೊರಬಂದು ಒಂದು ಸಣ್ಣ ಪ್ಲಾಸ್ಟಿಕ್ ಹಲ್ಲುಗಾಲಿಯನ್ನು ಅಪ್ಪನ ಅಂಗೈ ಮೇಲಿಟ್ಟ.

"ಮೀಟರಿಗೆ ಲೆಕ್ಕ ಕೊಡೋದು ಇದು. ಬೇರೆ ಯಾವುದೋ ಗಾಡಿದು ಹಾಕಿದಾರೆ. ನೀವು ಐದು ಕಿಲೋಮೀಟರ್ ಓಡಿದ್ರೆ ನಾಲ್ಕು ಬರೀತದೆ ಅಣ್ಣ. ಯಾರೂ ಹೇಳ್ಲಿಲ್ವಾ?"

ಅಪ್ಪ ಆ ಚೂರನ್ನು ತುಂಬ ಹೊತ್ತು ತಿರುಗಿಸಿ ನೋಡಿದ. ದುಡ್ಡೆಷ್ಟು ಹೋಯಿತು ಎಂದು ಲೆಕ್ಕ ಹಾಕುತ್ತಿದ್ದಾನೆ ಅಂದುಕೊಂಡೆ. ಅವನು ಕೇಳಿದ್ದು ಬೇರೆ. "ಕೂತ್ಕೊಳ್ಳೋರಿಗೆ ಗೊತ್ತಾಗುತ್ತಾ ಇದು?"

ಮೆಕ್ಯಾನಿಕ್ ಸ್ಪ್ಯಾನರ್ ಹುಡುಕತೊಡಗಿದ. ಪಕ್ಕದಲ್ಲಿ ಇನ್ನೊಂದು ಗಾಡಿಯ ಡ್ರೈವರ್ ಮುಖ ಆಚೆ ತಿರುಗಿಸಿ ಕೆಮ್ಮಿದ. ಅಪ್ಪನಿಗೆ ಅಷ್ಟು ಸಾಕಾಯಿತು. "ಸರಿಯಾದ್ದು ಹಾಕು" ಎಂದ. ತೆಗೆದ ಚೂರನ್ನು ಜೇಬಿಗೆ ಹಾಕಿಕೊಂಡ.

ಮನೆಗೆ ಬರುವಾಗ ಅಪ್ಪ ಒಂದೇ ಮಾತಾಡಿದ. "ನೋಡಣ, ಯಾರು ಮೀಟರ್ ನೋಡಿ ಬರ್ತಿದ್ರು, ಯಾರು ನನ್ನ ನೋಡಿ ಬರ್ತಿದ್ರು ಅಂತ."

ನೋಡಿದೆವು. ಮೊದಲ ವಾರ ಇಬ್ಬರು ಬಂದರು. ಇಳಿಯುವಾಗ ಅಂಕಿ ಕಳೆದು, "ಏನಣ್ಣ, ಊರು ದೂರ ಆಗ್ಬಿಡ್ತಲ್ಲ!" ಎಂದರು. ಅದೂ ಅಲ್ಲದೆ ಅಪ್ಪ ಈಗ ನಿಜವಾಗಿಯೂ ಅರವತ್ತರಲ್ಲಿ ಓಡಿಸುತ್ತಿದ್ದ. ಕೆಂಚಾರ್ಲಹಳ್ಳಿಯಿಂದ ಹೊರಟ ದಿಬ್ಬಣವೊಂದು ಛತ್ರ ಸೇರುವಷ್ಟರಲ್ಲಿ ಗಂಡಿನ ಕಡೆಯವರು ತಿಂಡಿ ಮುಗಿಸಿದ್ದರು. ಕೈಗುಣವೂ ಹೋಯಿತು. ಮಾವ ಮದುವೆಗೆ ಬಸ್ಸು ಗೊತ್ತು ಮಾಡಿದ್ದೇನೆ, ಭಾವನಿಗೆ ಯಾಕೆ ತೊಂದರೆ ಎಂದು ಫೋನಿನಲ್ಲಿ ಅಮ್ಮನಿಗೆ ಹೇಳಿದ. ಅಮ್ಮ ಆ ಮದುವೆಗೆ ಮುಖ ಬಿಗಿದುಕೊಂಡು ಹೋಗಿಬಂದಳು.

ಅಪ್ಪ ಸುಲಭಕ್ಕೆ ಸೋಲುವವನಲ್ಲ. ದುಡ್ಡಿನ ವಿಷಯ ಅಷ್ಟೇ ಅಲ್ಲವೇ, ಅದನ್ನು ತೆಗೆದುಹಾಕಿದರೆ ಆಯಿತು ಎಂದುಕೊಂಡ. ಬೇವಿನ ಮರದ ಕೆಳಗೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ. "ಮೀಟರ್ ಸರಿ ಮಾಡಿಸಿದೀನಿ ಕಣ್ರಪ್ಪ. ಆದ್ರೆ ನೀವು ಮೊದಲು ಎಷ್ಟು ಕೊಡ್ತಿದ್ರೋ ಅಷ್ಟೇ ಕೊಡಿ. ಐದು ಬಂದ್ರೆ ನಾಲ್ಕಕ್ಕೆ ದುಡ್ಡು. ಒಂದು ನಾನು ಬಿಟ್ಟೆ."

ಅದೇ ಗಾಡಿ, ಅದೇ ದುಡ್ಡು, ಅದೇ ಮನುಷ್ಯ. ಇನ್ನೇನು ಬೇಕು? ಒಬ್ಬನೂ ಬರಲಿಲ್ಲ. ಒಂದು ಬೆಳಗ್ಗೆ ನಾನು ಬಸ್ಸಿಗೆ ಕಾಯುತ್ತಿರುವಾಗ ಆ ನೂಲು ವ್ಯಾಪಾರಿ ಅಪ್ಪನ ಕಣ್ಣೆದುರೇ ಬೇರೆಯವನ ಗಾಡಿ ಹತ್ತಿ ಕೂತ. ಅಲ್ಲಿ ಅವನು ಕೊಡಬೇಕಾದದ್ದು ಹೆಚ್ಚಿನ ಬಾಡಿಗೆ, ಅದು ಅವನಿಗೂ ಗೊತ್ತು. ಅಪ್ಪ ಹೋಗಿ ಕಿಟಕಿ ಹಿಡಿದು ನಿಂತ.

"ಅಲ್ಲಪ್ಪ, ನಿನಗೆ ಮೊದಲಿನಷ್ಟೇ ಬೀಳುತ್ತಲ್ಲ. ಮತ್ತೆ ಯಾಕೆ?"

ವ್ಯಾಪಾರಿಗೆ ಒಂದಿಷ್ಟೂ ನಾಚಿಕೆ ಆಗಲಿಲ್ಲ. ಪ್ರೀತಿಯಿಂದಲೇ ಹೇಳಿದ. "ಅನ್ನಾ, ನಾನಾಗಿ ಉಳಿಸ್ಕೊಂಡ್ರೆ ಅದು ಲಾಭ. ನೀನಾಗಿ ಬಿಟ್ಟುಕೊಟ್ರೆ ಅದು ಧರ್ಮ. ನಿನ್ನ ಹತ್ರ ಧರ್ಮ ಈಸ್ಕೊಳ್ಳೋವಷ್ಟು ನಾನು ಕೆಟ್ಟೋಗಿದೀನಾ? ಪೋನೀಲೆ ಅನ್ನಾ, ಹೋಗ್ಲಿ ಬಿಡು, ಬೇಜಾರು ಮಾಡ್ಕೋಬೇಡ."

ಗಾಡಿ ಹೊರಟುಹೋಯಿತು. ಅಪ್ಪ ಅದೇ ಜಾಗದಲ್ಲಿ ನಿಂತಿದ್ದ.

ಆಮೇಲಿನ ದಿನಗಳನ್ನು ನೆನೆಯಲು ನನಗೆ ಇಷ್ಟವಿಲ್ಲ. ಅಪ್ಪ ಗಾಡಿ ತೊಳೆಯುವುದನ್ನು ಬಿಟ್ಟ, ಕ್ಷೌರ ಮಾಡಿಕೊಳ್ಳುವುದನ್ನು ಬಿಟ್ಟ. ಹಗಲು ಹೊತ್ತು ಟಿವಿಯ ಮುಂದೆ ಕೂತು, ಅದರಲ್ಲಿ ಏನು ಬರುತ್ತಿದೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದ. ಚರಕ ಮುಳುಗಿದಾಗಲೂ ಹೀಗಿರಲಿಲ್ಲ. ಆಗ ಕಳೆದದ್ದು ಬರೀ ದುಡ್ಡು. ಒಂದು ಸಂಜೆ ರಾಗಿ ಮುದ್ದೆ ಕಟ್ಟುತ್ತಿದ್ದ ಅಮ್ಮನ ಹತ್ತಿರ ಬಂದು ಬಾಗಿಲಿಗೆ ಒರಗಿ ನಿಂತ.

"ಹಳೇದೇ ಹಾಕಿಸ್ಲಾ?"

ಮನೆಗೆ ಏನೂ ಉಳಿಯುವುದಿಲ್ಲ ಎಂದು ವರ್ಷಗಟ್ಟಲೆ ಗೊಣಗಿದ ಅಮ್ಮ ಮುದ್ದೆಯನ್ನು ತಟ್ಟೆಗಿಟ್ಟು, "ಇಷ್ಟು ದಿನ ಅದರಲ್ಲೇ ಸಂಸಾರ ಮಾಡಿಲ್ವಾ? ಹಾಕಿಸ್ಕೊಳ್ಳಿ" ಎಂದಳು.

ಸಿಡಿದದ್ದು ನಾನು. "ಅಪ್ಪ, ನಿನಗೇನು ತಲೆ ಕೆಟ್ಟಿದೆಯಾ? ಅವರೆಲ್ಲ ನಿನ್ನ ನೋಡಿ ನಗ್ತಾರೆ. ಗೊತ್ತಿದ್ದೂ ಗೊತ್ತಿದ್ದೂ ಮೋಸ ಹೋಗ್ತೀಯಾ?"

"ದುಡ್ಡು ಹೆಂಗೋ ಆಗುತ್ತೆ ಕಣಮ್ಮ" ಎಂದ ಅಪ್ಪ. "ಬೆಳಗ್ಗೆ ಎದ್ದು ಸ್ಟ್ಯಾಂಡಿಗೆ ಹೋದ್ರೆ ಒಬ್ಬನೂ ಅಣ್ಣಾ ಅನ್ನಲ್ಲ. ಅದನ್ನ ತಡ್ಕೊಳ್ಳೋಕೆ ಆಗಲ್ಲ ನನಗೆ."

ನನಗೆ ಅವನ ಮೇಲೆ ಬಂದಷ್ಟು ಸಿಟ್ಟು ಮಾವನ ಮೇಲೂ ಬಂದಿರಲಿಲ್ಲ. ಊಟ ಬಿಟ್ಟು ಎದ್ದು ಹೋಗಿ ಅತ್ತೆ.

ಎರಡು ದಿನ ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋದಾಗ ಬೇವಿನ ಮರದ ಕೆಳಗೆ ಜನ ಸೇರಿದ್ದರು. ನಡುವೆ ಅಪ್ಪ, ನುಣ್ಣಗೆ ಕ್ಷೌರ, ಇಸ್ತ್ರಿ ಅಂಗಿ. ದೊಡ್ಡ ಗಂಟಲಲ್ಲಿ ಹೇಳುತ್ತಿದ್ದ.

"ಹೊಸ ಮೀಟರು ಬರೀ ಸುಳ್ಳು ಕಣ್ರಪ್ಪ! ಆ ಮೆಕ್ಯಾನಿಕ್ಕು ನನ್ನ ಮುಂಡಾಮೋಚಿದ. ಕಿತ್ತಾಕಿಸಿ ನನ್ನ ಹಳೇದೇ ಹಾಕಿಸ್ಕೊಂಡು ಬಂದೆ. ಅದೇ ನಿಯತ್ತಿನ ಮೀಟರು. ಇನ್ನು ಮೇಲೆ ಯಾವನು ಏನು ಹೇಳಿದ್ರೂ ನಂಬಲ್ಲ."

"ನಾವು ಅವತ್ತೇ ಅಂದ್ಕೊಂಡ್ವಿ ಅಣ್ಣ" ಎಂದ ಒಬ್ಬ. ಎಲ್ಲರ ಮುಖವೂ ಅರಳಿತ್ತು. ಎಷ್ಟು ದಿನದ ಮೇಲೆ ಅಣ್ಣ ಮತ್ತೆ ದಡ್ಡನಾಗಿ ಸಿಕ್ಕಿದ್ದ! ನೂಲು ವ್ಯಾಪಾರಿ ತನ್ನ ಗಂಟುಗಳನ್ನು ಎತ್ತಿ ಅಪ್ಪನ ಗಾಡಿಗೆ ಹಾಕತೊಡಗಿದ. ನನ್ನನ್ನು ಕಂಡವನೇ, ತುಟಿಯ ಮೇಲೆ ಬೆರಳಿಟ್ಟು, ಅಪ್ಪನ ಕಡೆ ಕಣ್ಣಿನಲ್ಲೇ ತೋರಿಸಿದ. ಹೇಳಿಬಿಡಬೇಡಮ್ಮ ಅನ್ನುವ ಹಾಗೆ.

ಅವನ ಬೆನ್ನ ಹಿಂದೆ ಅಪ್ಪ ನಿಂತಿದ್ದ. ಅವನೂ ನನ್ನನ್ನೇ ನೋಡುತ್ತಿದ್ದ. ನಗು ಒಂದು ಕ್ಷಣ ನಿಂತಿತ್ತು. ಮೆಲ್ಲಗೆ ತಲೆ ಅಲ್ಲಾಡಿಸಿದ, ಅವನಿಗೆ ಹೇಳಬೇಡ ಅನ್ನುವ ಹಾಗೆ.

ಇಬ್ಬರಿಗೂ ಹೇಳಲಿಲ್ಲ. ನನ್ನ ಬಸ್ಸು ಬಂದಿತ್ತು, ಹತ್ತಿದೆ.